ತಲೆಯೆಣಿಕೆಗೆ ಕರೆಸಿದ ನೆಂಟರು

ನನ್ನ ಹೆಂಡತಿಯ ಊರಿನ ಗಂಡಸರಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲೇ ಇಲ್ಲ. ದೆಹಲಿಯಲ್ಲಿ ಯಾರು ಕೂರಬೇಕು, ಬೆಂಗಳೂರಿನಲ್ಲಿ ಯಾರು ಇಳಿಯಬೇಕು, ನಾಳೆ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸು ಎಷ್ಟಕ್ಕೆ ಹೋಗುತ್ತದೆ, ಎಲ್ಲವೂ ಹಾಲಿನ ಡೈರಿಯ ಮುಂದಿನ ಕಟ್ಟೆಯ ಮೇಲೆ ಬೆಳಗಿನ ಹಾಲು ಹಾಕುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ತಮ್ಮ ಊರಿಗೆ ಒಂದು ಬಸ್ಸು ತರಿಸಿಕೊಳ್ಳುವುದು ಹೇಗೆ ಎಂಬುದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಂತೂ ಅವರ ವಂಶದಲ್ಲೇ ಇಲ್ಲ.

ನಾನು ಈ ಊರಿನವನಲ್ಲ. ಮಾಲೂರು ತಾಲ್ಲೂಕಿನವನು, ಲಕ್ಕೂರಿನ ಕಡೆ. ನಮ್ಮ ಕಡೆ ಕಾರ್ಖಾನೆಗಳು ಬಂದ ಮೇಲೆ ಬಸ್ಸಿಗೆ ಬರವಿಲ್ಲ. ಸರ್ಕಾರಿ ಬಸ್ಸು ತಪ್ಪಿದರೆ ಕಂಪನಿ ಬಸ್ಸಿನವನಾದರೂ ಹತ್ತಿಸಿಕೊಳ್ಳುತ್ತಾನೆ. ಅಂಥ ಕಡೆಯಿಂದ ಶ್ರೀನಿವಾಸಪುರ ತಾಲ್ಲೂಕಿನ ಈ ಊರಿಗೆ ಮನೆ ಅಳಿಯನಾಗಿ ಬಂದೆ. ಮಾವನಿಗೆ ಗಂಡುಮಕ್ಕಳಿರಲಿಲ್ಲ, ಮಾವಿನ ತೋಪಿತ್ತು. ನನಗೆ ಶ್ರೀನಿವಾಸಪುರದ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸವಿತ್ತು, ತೋಪಿರಲಿಲ್ಲ. ಮನೆ ಅಳಿಯನೆಂದರೆ ಈ ಕಡೆ ಊಟಕ್ಕೆ ಮೊದಲ ಎಲೆ, ಮಾತಿಗೆ ಕೊನೆಯ ಸರದಿ. ನಾನು ಕಟ್ಟೆಯ ಹತ್ತಿರ ಬಾಯಿ ತೆರೆದರೆ ಸಾಕು, “ಅಳಿಯಂದಿರು ಏನೋ ಹೇಳ್ತಾರೆ, ಕೇಳ್ರಪ್ಪಾ” ಎಂದು ಯಾರಾದರೂ ನಗುತ್ತಿದ್ದರು. ಆಮೇಲೆ ನಾನು ಹೇಳಿದ್ದನ್ನು ಕೇಳುವವರಿರಲಿಲ್ಲ.

ಮುಖ್ಯರಸ್ತೆಯಿಂದ ಊರ ದಾರಿ ಒಡೆಯುವ ಜಾಗಕ್ಕೆ ನಮ್ಮ ಜಿಲ್ಲೆಯಲ್ಲಿ ಗೇಟ್ ಎನ್ನುತ್ತಾರೆ. ಅಲ್ಲಿ ಗೇಟೂ ಇಲ್ಲ, ಬಾಗಿಲೂ ಇಲ್ಲ, ಒಂದು ಹುಣಸೆಮರ ಮತ್ತು ಒಂದು ಬೀಡಾ ಅಂಗಡಿ. ಕೋಲಾರಕ್ಕೋ ಶ್ರೀನಿವಾಸಪುರಕ್ಕೋ ಹೋಗುವ ಬಸ್ಸು ಅಲ್ಲಿಯೇ ನಿಲ್ಲುವುದು. ಗೇಟಿನಿಂದ ಒಳಗೆ ಬಂದರೆ ಮೊದಲು ಕಾಲೋನಿ, ಆಮೇಲೆ ಕೆರೆ ಏರಿ, ಏರಿಯ ಕೊನೆಗೆ ನಮ್ಮ ಊರು. ನಡೆದರೆ ಗಟ್ಟಿ ಕಾಲಿನವರಿಗೂ ಬೆವರು ಬರುವಷ್ಟು ದೂರ. ಕಾಲೋನಿಯ ಜನ ನಮ್ಮ ತೋಪಿಗೆ ಕಾಯಿ ಕೀಳಲು ಬರುತ್ತಾರೆ, ನಮ್ಮ ಹೊಲಕ್ಕೆ ಕಳೆಗೆ ಬರುತ್ತಾರೆ. ಆದರೂ ಅದು ಬೇರೆ ಊರಂತೆ, ಇದು ಬೇರೆ ಊರಂತೆ. ಯಾಕೆ ಬೇರೆ ಎಂದು ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಈಗಿನ ಕಾಲದಲ್ಲಿ ಜಾತಿ ಎಲ್ಲಿದೆ ಎಂದು ಕೇಳುವವರೂ ಇವರೇ.

ಬಸ್ಸಿನ ಚಿಂತೆ ನನಗೆ ಹತ್ತಿದ್ದು ಅತ್ತೆಯಿಂದ. ನನ್ನ ಹೆಂಡತಿಯ ತಾಯಿ. ಆ ಮನೆಯಲ್ಲಿ ನನ್ನನ್ನು ಮನುಷ್ಯನಂತೆ ಮಾತನಾಡಿಸಿದ ಮೊದಲನೆಯವರು ಅವರು. ಅವರಿಗೆ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ಶ್ರೀನಿವಾಸಪುರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ತಪ್ಪಿಸುವ ಹಾಗಿಲ್ಲ. ಒಂದು ಸರದಿ ತಪ್ಪಿದರೆ ಪಾದ ಊದಿಕೊಳ್ಳುತ್ತದೆ, ಎರಡು ತಪ್ಪಿದರೆ ಮಲಗಿದಲ್ಲಿ ಉಸಿರು ಸಿಕ್ಕುವುದಿಲ್ಲ. ಮೂರನೆಯದು ತಪ್ಪಿದರೆ ಏನಾಗುತ್ತದೆ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಮೊದಮೊದಲು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಹೋಗುವಾಗ ಸರಿ. ಬರುವಾಗ ಅವರ ತಲೆ ತಿರುಗುತ್ತಿತ್ತು, ನನ್ನ ಬೆನ್ನಿಗೆ ಒರಗಿಬಿಡುತ್ತಿದ್ದರು. ಒಮ್ಮೆ ಏರಿಯ ಮೇಲೆ ಕೈ ಸಡಿಲವಾಗಿ ಜಾರಿಯೇ ಬಿಟ್ಟರು. ಆಮೇಲೆ ಬೈಕು ಬೇಡವೆಂದು ಹೆಂಡತಿ ಹಟ ಹಿಡಿದಳು. ಶ್ರೀನಿವಾಸಪುರದಿಂದ ಒಬ್ಬ ಆಟೋ ಭಾಯ್ ಬರುತ್ತಿದ್ದ. ಒಳ್ಳೆಯವನೇ. ಆದರೆ ಮಾವಿನ ಕಾಲ ಬಂತೆಂದರೆ ಅವನ ಆಟೋದಲ್ಲಿ ಮನುಷ್ಯರಿಗೆ ಜಾಗವಿಲ್ಲ, ಬರೀ ಹಣ್ಣಿನ ಮಂಡಿಗೆ ಹೋಗುವ ಕ್ರೇಟುಗಳು. “ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ವರ್ಷದ ಸಂಪಾದನೆ ಇದೇ” ಎನ್ನುತ್ತಿದ್ದ. ತಪ್ಪು ತಿಳಿದುಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ.

ಈ ನಡುವೆ ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿತು. ಊರಿನ ಹೆಂಗಸರೆಲ್ಲ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಕವರು ಹಾಕಿಸಿಕೊಂಡು ಬಂದರು. ಕಾರ್ಡು ಸಿದ್ಧವಾಯಿತು, ಹೆಂಗಸರು ಸಿದ್ಧರಾದರು, ಬಸ್ಸೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ಯಾರೆಂದು ನನಗೆ ಸ್ವಲ್ಪ ದಿನದಲ್ಲೇ ಗೊತ್ತಾಯಿತು. ನನ್ನ ಮಾವ.

ಮಾವ ಒಂದು ಕಾಲದಲ್ಲಿ ಪಂಚಾಯ್ತಿ ಮೆಂಬರಾಗಿದ್ದವರು. ಆ ಕಾಲ ಮುಗಿದು ಎಷ್ಟೋ ವರ್ಷವಾದರೂ ಪಂಚೆಯ ಬಿಳುಪು ಮಾತ್ರ ಇಳಿದಿಲ್ಲ. ನಾನು ದಿನಾ ಕೊರೆದು ಕೊರೆದು ಕಡೆಗೂ ಅವರನ್ನು ಬಸ್ ಡಿಪೋಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಅಧಿಕಾರಿ ಸಮಾಧಾನದ ಮನುಷ್ಯ. ಅರ್ಜಿ ಓದಿ ತಲೆಯೆತ್ತಿದರು.

“ಯಜಮಾನ್ರೇ, ನಿಮ್ಮೂರು ಒಂದೇ ಆದ್ರೆ ಜನ ಸಾಲಲ್ಲ. ದಾರೀಲಿ ಕಾಲೋನಿ ಇದೆಯಲ್ಲ, ಅದನ್ನೂ ಸೇರಿಸಿ ಒಂದೇ ಅರ್ಜಿ ಕೊಡಿ. ಸಲೀಸಾಗಿ ಆಗುತ್ತೆ.”

“ಅದು ಬೇರೆ ಸ್ವಾಮಿ, ನಮ್ಮೂರು ಬೇರೆ.”

“ಎಷ್ಟು ದೂರ ಇದೆ?”

“ಏರಿಗೆ ಆ ಕಡೆ ಅವ್ರು, ಈ ಕಡೆ ನಾವು.”

ಅಧಿಕಾರಿ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಬಸ್ಸಿನ ವೇಳಾಪಟ್ಟಿ ನೋಡಿದೆ. “ಸರಿ, ಮುಂದಿನ ಭಾನುವಾರ ಆ ಕಡೆ ಬರೋದಿದೆ. ಊರು ನೋಡ್ತೀನಿ. ಜನ ಇದ್ದಾರೆ ಅನ್ನಿಸಿದ್ರೆ ಮೇಲಕ್ಕೆ ಬರೀತೀನಿ” ಎಂದು ಅರ್ಜಿಯನ್ನು ಪಕ್ಕಕ್ಕಿಟ್ಟರು.

ವಾಪಸು ಬರುವಾಗ ಬೈಕಿನ ಹಿಂದೆ ಕುಳಿತ ಮಾವ ಗೇಟಿನವರೆಗೂ ಗೊಣಗಿದರು. “ಸೇರಿಸ್ಬೇಕಂತೆ! ಇವತ್ತು ಅರ್ಜೀಲಿ ಸೇರಿಸಿದ್ರೆ ನಾಳೆ ಬಸ್ಸಿನ ಬೋರ್ಡ್ ಮೇಲೆ ಯಾರ ಹೆಸ್ರು ಹಾಕ್ತಾರೆ?”

“ಮಾವಾ, ನಮ್ಮೂರಲ್ಲಿ ಜನ ಎಲ್ಲಿದ್ದಾರೆ ತೋರ್ಸೋಕೆ?” ಎಂದೆ. ಸುಳ್ಳಲ್ಲ. ಬೀದಿಯಲ್ಲಿ ಎರಡು ಮನೆಗೊಂದು ಬೀಗ. ಒಂದು ಸಂಸಾರ ಕೋಲಾರದಲ್ಲಿ, ಒಂದು ಮುಳಬಾಗಿಲಿನಲ್ಲಿ, ಮಕ್ಕಳ ಸ್ಕೂಲಿಗೆಂದು ಹೋದವರು ಸ್ಕೂಲು ಮುಗಿದರೂ ವಾಪಸಾಗಲಿಲ್ಲ. ಉಳಿದಿರುವುದು ಕಟ್ಟೆಯ ಮೇಲೆ ಕೂರುವ ಮುದುಕರು, ಅವರಿಗೆ ಮುದ್ದೆ ಬೇಯಿಸುವ ಹೆಂಗಸರು. ಮಕ್ಕಳ ಸದ್ದು ಕೇಳಬೇಕೆಂದರೆ ಏರಿ ದಾಟಿ ಕಾಲೋನಿಗೆ ಹೋಗಬೇಕು.

ಮಾವ ಗೊಣಗಾಟ ನಿಲ್ಲಿಸಿ ಹಿಂದಿನಿಂದ ನನ್ನ ಭುಜ ತಟ್ಟಿದರು. ಆಮೇಲೆ, “ಹಬ್ಬಕ್ಕೆ ಬರ್ತಾರಲ್ಲ, ಅವರೆಲ್ಲ ನಮ್ಮೋರೇ ಅಲ್ವಾ?” ಎಂದರು. ಆ ದನಿ ಕೇಳಿಯೇ ನನಗೆ ಹೆದರಿಕೆಯಾಯಿತು.

ಆ ವಾರವೆಲ್ಲ ಕಟ್ಟೆಯ ಮೇಲೆ ಫೋನುಗಳದ್ದೇ ಗಲಾಟೆ. ಭಾನುವಾರ ದೇವರ ಕಾರ್ಯವಿದೆ, ಬಾಡೂಟವಿದೆ, ಮಕ್ಕಳುಮರಿ ಸಮೇತ ಬರಬೇಕು. ಯಾವ ದೇವರು ಎಂದು ಮುಳಬಾಗಿಲಿನಿಂದ ಯಾರೋ ಕೇಳಿದರಂತೆ. “ಮುಂದ ರಂಡಿ, ತರ್ವಾತ ಚೆಪ್ತಾನು” ಎಂದರಂತೆ ಮಾವ. ಮೊದಲು ಬನ್ನಿ, ಆಮೇಲೆ ಹೇಳುತ್ತೇನೆ ಎಂದು. ಗುಟ್ಟಿನ ಮಾತು ಬಂದಾಗ ನಮ್ಮ ಮಾವನಿಗೆ ತೆಲುಗೇ ಬರುವುದು. “ಇದು ಬೇಕಾ ನಿಮ್ಗೆ? ಕಾಲೋನಿನೂ ಸೇರ್ಸಿ ಅಂತ ಒಂದು ಮಾತು ಬರೆದ್ರೆ ಆಗೋದಕ್ಕೆ ಮೂರು ಕುರಿ ಕಡೀತೀರಾ?” ಎಂದು ಅತ್ತೆ ಕೇಳಿದರು. ಮಾವ ಕೇಳಿಸದವರ ಹಾಗೆ ಮಸಾಲೆಯ ಲೆಕ್ಕ ಹಾಕುತ್ತಿದ್ದರು.

ಭಾನುವಾರ ಬಂತು, ನೆಂಟರೂ ಬಂದರು. ಬೀಗ ಹಾಕಿದ್ದ ಮನೆಗಳೆಲ್ಲ ತೆರೆದವು, ಜೇಡರ ಬಲೆ ಗುಡಿಸಿದರು, ಬಾಗಿಲಿಗೆ ರಂಗೋಲಿ ಬಿತ್ತು. ಬಂದವರೆಲ್ಲ ಒಳ್ಳೆ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿರಬೇಕೆಂದು ಕಟ್ಟೆಯ ಅಪ್ಪಣೆ. ನಿಂತರು. ಊರೆಲ್ಲ ಫೋಟೋ ತೆಗೆಸಿಕೊಳ್ಳಲು ನಿಂತ ಮದುವೆ ಮನೆಯ ಹಾಗಿತ್ತು. ನಾಚಿಕೆಯಿಂದ ನಾನು ಸಾರಿನ ಒಲೆಯ ಹತ್ತಿರ ಹೋಗಿ ಹೊಗೆಯಲ್ಲಿ ನಿಂತುಕೊಂಡೆ.

ಅಷ್ಟೆಲ್ಲ ಯೋಚನೆ ಮಾಡಿದ ಪ್ರಚಂಡರು ಒಂದು ಸಣ್ಣ ವಿಷಯ ಮರೆತಿದ್ದರು. ಬಸ್ಸಿಲ್ಲದ ಊರಿಗೆ ನೆಂಟರು ಬರುವುದು ಹೇಗೆ? ಕಾರಿನಲ್ಲಿ ಬಂದಿದ್ದರು, ಬೈಕಿನಲ್ಲಿ ಬಂದಿದ್ದರು, ಹೆಂಡತಿಯ ಚಿಕ್ಕಪ್ಪನ ಮಗನೊಬ್ಬ ಟೆಂಪೋ ಟ್ರಾವೆಲರನ್ನೇ ಮಾಡಿಕೊಂಡು ಬಂದಿದ್ದ. ಬೀದಿಯ ಎರಡೂ ಪಕ್ಕ, ದೇವಸ್ಥಾನದ ಮುಂದೆ, ಡೈರಿಯ ಮುಂದೆ, ಎಲ್ಲೆಲ್ಲೂ ಗಾಡಿ. ಡಿಪೋದ ಜೀಪು ಏರಿ ದಾಟಿ ಬಂದದ್ದು ಊರ ಬಾಯಲ್ಲೇ ನಿಂತಿತು. ಒಳಗೆ ಬರಲು ಜಾಗವಿಲ್ಲ. ಅಧಿಕಾರಿ ಇಳಿದು, ಕಾರುಗಳ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಡೆದು ಬಂದರು.

ಮಾವ ಕೈ ಚಾಚಿ ಬೀದಿಯನ್ನು ತೋರಿಸಿದರು. “ನೋಡಿ ಸ್ವಾಮಿ, ಜನ ಇಲ್ಲ ಅಂತಿದ್ರಲ್ಲ.”

“ಜನ ಇದ್ದಾರೆ ಯಜಮಾನ್ರೇ, ಇಲ್ಲ ಅನ್ನೋ ಹಾಗಿಲ್ಲ” ಎಂದರು ಅವರು. ಆಮೇಲೆ ನಿಧಾನವಾಗಿ ಬೀದಿಯ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರು. “ಈ ಗಾಡಿಗಳೆಲ್ಲ ಯಾರವು?”

ಆ ಒಂದು ಗಳಿಗೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಗಾಡಿಗಳು ನೆಂಟರವು ಎಂದರೆ ಜನರೂ ನೆಂಟರು ಎಂದಾಗುತ್ತದೆ. ಜನ ನಮ್ಮವರು ಎಂದರೆ ಗಾಡಿಯೂ ನಮ್ಮವೇ ಆಗಬೇಕು. ಕಟ್ಟೆಯ ಬುದ್ಧಿವಂತರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೊಬ್ಬರು ನಕ್ಕು ನಿಜ ಹೇಳಿದ್ದರೆ ಆ ಅಧಿಕಾರಿಯೂ ನಕ್ಕುಬಿಡುತ್ತಿದ್ದರೋ ಏನೋ. ಮಾವ ಪಂಚೆಯ ಚುಂಗು ಹಿಡಿದು, ಎದೆ ಮುಂದೆ ಮಾಡಿ ಹೇಳಿದರು.

“ನಮ್ಮವೇ ಸ್ವಾಮಿ. ದೇವ್ರು ನಮ್ಮೂರಿಗೆ ಅಷ್ಟು ಕೊಟ್ಟಿದ್ದಾನೆ.”

“ಸಂತೋಷ” ಎಂದರು ಅಧಿಕಾರಿ. “ಹಾಗಾದ್ರೆ ನಿಮಗೆ ಬಸ್ಸು ಯಾಕೆ ಬೇಕು?”

ಆ ಭಾರಿ ಜನಸಂಖ್ಯೆಯೆಲ್ಲ ತಂತಮ್ಮ ಗಾಡಿಗಳ ಕಡೆ ನೋಡತೊಡಗಿತು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಊದಿದ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ನಾನು ಮುಂದೆ ಹೋಗಿ, “ಸಾರ್, ಮನೇಲಿ ಪೇಷೆಂಟ್ ಇದ್ದಾರೆ” ಎಂದು ಶುರು ಮಾಡಿದೆ. ಮಾವ ನನ್ನ ತೋಳು ಹಿಡಿದು, “ಅಳಿಯಂದಿರೇ, ಸಾಹೇಬ್ರಿಗೆ ಎಲೆ ಹಾಕ್ಸಿ” ಎಂದರು. ಹಾಕಿಸಿದೆ. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಹೋಗುವಾಗ ಜೀಪು ಕಾಲೋನಿಯಲ್ಲಿ ನಿಂತಿತಂತೆ. ಅಲ್ಲಿ ಯಾರೂ ಯಾರನ್ನೂ ಕರೆಸಿರಲಿಲ್ಲ, ಕೆರೆಯ ಕಡೆ ಬಟ್ಟೆಗೆ ಹೊರಟ ಹೆಂಗಸರು, ಅಂಗನವಾಡಿಯ ಮುಂದಿನ ಬಯಲಲ್ಲಿ ಕುಣಿಯುತ್ತಿದ್ದ ಮಕ್ಕಳು, ಗೇಟಿಗೆ ನಡೆದು ಹೊರಟವರು. ಗೇಟಿಗೆ ಹೊರಟವರನ್ನು ಅಧಿಕಾರಿ ಜೀಪಿಗೆ ಹತ್ತಿಸಿಕೊಂಡು ಹೋದರಂತೆ. ಮುಂಗಾರು ಮುಗಿಯುವ ಹೊತ್ತಿಗೆ ಕಾಲೋನಿಗೆ ಬಸ್ಸು ಬಂತು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಅಂಗನವಾಡಿಯ ಬಯಲಲ್ಲಿ ಒಂದು ಸುತ್ತು ಹಾಕಿ ತಿರುಗಿ ಹೋಗುತ್ತದೆ. ಏರಿ ಹತ್ತುವುದಿಲ್ಲ.

ನಮ್ಮವರಿಗೆ ಬುದ್ಧಿ ಬಂದಿರಬಹುದೆಂದು ನೀವು ಅಂದುಕೊಂಡರೆ ನಿಮಗೆ ನಮ್ಮೂರು ಗೊತ್ತಿಲ್ಲ. ಏರಿ ದಾಟಿದರೆ ಬಸ್ಸು. ಆದರೆ ಆ ಬಸ್ಸು ಹತ್ತಬಾರದೆಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಬಾಯಿ ಬಿಟ್ಟು ಹೇಳಿದ ಕಾರಣ, ನಾವು ಹತ್ತಿದರೆ ನಮಗೆ ಬೇರೆ ಬಸ್ಸು ಕೊಡುವುದಿಲ್ಲ ಎಂದು. ಹೇಳದ ಕಾರಣ, ಅವರು ಮೊದಲು ಹತ್ತಿ ಟವೆಲು ಹಾಸಿ ಸೀಟು ಹಿಡಿದಿರುತ್ತಾರೆ, ಇವರು ಕಂಬಿ ಹಿಡಿದು ನಿಲ್ಲಬೇಕು. ಕಾಯಿ ಕೀಳುವವನು ಕುಳಿತಿರುವಾಗ ತೋಪಿನ ಯಜಮಾನ ನಿಲ್ಲುವುದೇ? ಅದಕ್ಕಿಂತ ಗೇಟಿನವರೆಗೆ ಮೊಣಕಾಲು ಸವೆಸಿಕೊಂಡು ನಡೆಯುವುದೇ ಮರ್ಯಾದೆ. ಬಸ್ಸು ಪಕ್ಕದಲ್ಲಿ ಧೂಳೆಬ್ಬಿಸಿಕೊಂಡು ಹೋಗುವಾಗ ಇವರು ಟವೆಲಿನಿಂದ ಮೂಗು ಮುಚ್ಚಿಕೊಂಡು ಬೇಲಿಯ ಕಡೆ ತಿರುಗಿ ನಿಲ್ಲುವುದನ್ನು ನಾನು ಕಂಡಿದ್ದೇನೆ. ಡ್ರೈವರು ಮೊದಲ ಕೆಲವು ದಿನ ನಿಲ್ಲಿಸಿ ಕರೆದ. ಆಮೇಲೆ ಅವನಿಗೂ ಅರ್ಥವಾಯಿತು.

ನಾನೂ ಹೆಂಡತಿಯೂ ಮನೆಯಲ್ಲಿ ಜಗಳವಾಡಿದೆವು. “ಅಪ್ಪಾ, ಅಮ್ಮನಿಗೋಸ್ಕರ ಆದ್ರೂ” ಎಂದಳು ಅವಳು. “ನನ್ನ ಹೆಂಡ್ತಿ ಕಾಲೋನೀಲಿ ನಿಂತ್ಕೊಂಡು ಬಸ್ಸು ಕಾಯ್ಬೇಕಾ? ಆಟೋ ಇದೆ, ಹೋಗ್ಲಿ” ಎಂದರು ಮಾವ. ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಿದ ಎನ್ನುತ್ತಾರೆ. ನಮ್ಮ ಮಾವ ಅಷ್ಟೂ ಧೈರ್ಯಸ್ಥರಲ್ಲ. ಅವರು ಕೊಯ್ದದ್ದು ಹೆಂಡತಿಯ ಮೂಗನ್ನು. ಅತ್ತೆ ಆ ವಾರವೂ ಆಟೋ ಹತ್ತಿದರು. ಗಂಡನ ಮಾತು ಮೀರಿ ಅವರಿಗೆ ಅಭ್ಯಾಸವಿರಲಿಲ್ಲ.

ಮತ್ತೆ ಮಾವಿನ ಕಾಲ ಬಂತು. ಆಟೋ ಭಾಯ್ ಕ್ರೇಟು ಹೊರಲು ಹೋದ. ಒಂದು ಸರದಿ ತಪ್ಪಿತು. ಮಾವ ಯಾರದೋ ಕಾರು ಹೇಳಿದ್ದೇನೆ ಎಂದರು. ಕಾರಿನವನು ಬರಲಿಲ್ಲ, ಎರಡನೆಯದೂ ತಪ್ಪಿತು. ಅತ್ತೆ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದರು. ಬೆಳಗ್ಗೆ ನೋಡಿದರೆ ಕಣ್ಣಿನ ಸುತ್ತ ಊದಿಕೊಂಡು ಮುಖವೇ ಬೇರೆಯಾಗಿತ್ತು, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಹುಡುಕುತ್ತಿದ್ದರು. ನಾನು ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದೆ. ಅದು ಬೇರೆ ಕಡೆ ಹೋಗಿದೆ, ಕಾಯಬೇಕು ಎಂದರು. ಅಷ್ಟರಲ್ಲಿ ಏರಿಯ ಆಚೆ ಬಸ್ಸಿನ ಹಾರ್ನ್ ಕೇಳಿಸಿತು. ತಿರುಗಲು ಬಂದಿದೆ ಎಂದರ್ಥ.

ಅತ್ತೆ ಎದ್ದರು. ಮಗಳ ಭುಜ ಹಿಡಿದುಕೊಂಡು ಬಾಗಿಲು ದಾಟಿದರು. ನಾನು ಕುರ್ಚಿ ತರುತ್ತೇನೆ, ಹೊತ್ತುಕೊಂಡು ಹೋಗೋಣ ಎಂದೆ. ಬೇಡವೆಂದು ಕೈಯಾಡಿಸಿದರು. ಡೈರಿಯ ಮುಂದೆ ಕಟ್ಟೆಯ ಸಭೆ ನೆರೆದಿತ್ತು. ಮಾವ ಕೂತಲ್ಲಿಂದ ಎದ್ದು ಅಡ್ಡ ಬಂದರು.

“ಎಲ್ಲಿಗೆ? ಕಾರಿಗೆ ಹೇಳಿದ್ದೀನಿ ಅಂದ್ನಲ್ಲ. ಇಷ್ಟು ಜನದ ಮುಂದೆ ನನ್ನ ಮಾನ ಕಳೀಬೇಡ ಕಣೇ.”

ಅತ್ತೆ ನಿಂತರು. ಉಸಿರು ತೆಗೆದುಕೊಂಡರು. ಅವರು ಗಂಡಸರ ಮುಂದೆ ದನಿ ಎತ್ತಿದ್ದನ್ನು ಆ ಊರು ಅದುವರೆಗೆ ಕೇಳಿರಲಿಲ್ಲ. ಆಗಲೂ ದನಿ ಎತ್ತಲಿಲ್ಲ, ಎತ್ತುವಷ್ಟು ಉಸಿರಿರಲಿಲ್ಲ.

“ಏನ್ರೀ, ನಾನು ಇವತ್ತು ಸತ್ರೆ ಗುಂಡಿ ತೋಡೋರು ಯಾರು?”

ಮಾವ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಉತ್ತರ ಹೇಳಿದರು.

“ಕಾಲೋನಿಯೋರು. ಮುಂದೆ ತಮಟೆ ಬಡಿಯೋರು?” ಅವರು ಉಸಿರಿಗಾಗಿ ನಿಂತು ಕಟ್ಟೆಯ ಕಡೆ ನೋಡಿದರು. ಒಬ್ಬರ ಕೈಯಲ್ಲಿ ಕೋಲು, ಒಬ್ಬರಿಗೆ ಎದೆ ಆಪರೇಷನ್ ಆಗಿತ್ತು, ಇನ್ನೊಬ್ಬರಿಗೆ ಕಣ್ಣು ಕಾಣದು. “ಹೊರೋಕೆ ನಾಲ್ಕು ಜನ ಬೇಕು. ಈ ಊರಲ್ಲಿ ಇದ್ದಾರಾ ತೋರ್ಸಿ. ಅದಕ್ಕೂ ಅವ್ರನ್ನೇ ಕರೀಬೇಕು. ಸತ್ತ ಮೇಲೆ ಅವ್ರ ಹೆಗಲ ಮೇಲೆ ಹೋಗೋಳು, ಬದ್ಕಿರೋವಾಗ ಅವ್ರ ಪಕ್ಕ ಕೂತು ಹೋದ್ರೆ ನಿಮ್ಮ ಮಾನ ಹೋಗುತ್ತಾ?”

ಅತ್ತೆ ಮಗಳನ್ನು ಹಿಡಿದುಕೊಂಡು ಏರಿಯ ಕಡೆ ನಡೆದರು. ಹತ್ತು ಹೆಜ್ಜೆಗೊಮ್ಮೆ ನಿಂತು ನಿಂತು ನಡೆದರು. ಆಚೆ ಕಡೆಯಿಂದ ನಮ್ಮ ತೋಪಿಗೆ ಕಾಯಿ ಕೀಳಲು ಬರುವ ಹೆಂಗಸೊಬ್ಬಳು ಅವರನ್ನು ಕಂಡು, ಬಸ್ಸಿನ ಕಡೆಗೆ ಕೈಬೀಸಿ ಕೂಗಿ, ಏರಿಯ ಮೇಲೆ ಓಡಿ ಬಂದು ಇನ್ನೊಂದು ತೋಳು ಹಿಡಿದುಕೊಂಡಳು. ಡ್ರೈವರು ಎಂಜಿನ್ ಆಫ್ ಮಾಡಿ ಕಾದ.

ನಾನು ಮನೆಗೆ ಓಡಿ ಆಸ್ಪತ್ರೆಯ ಚೀಲ ತೆಗೆದುಕೊಂಡು ಬಂದೆ. ಮಾವ ಡೈರಿಯ ಮುಂದೆ ನಿಂತಲ್ಲೇ ನಿಂತಿದ್ದರು. ಕಟ್ಟೆಯ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಕೋಲು ಹಿಡಿದವರನ್ನು ನೋಡಿ ಬಿಟ್ಟರು, ಎದೆ ಕೊಯ್ಸಿಕೊಂಡವರನ್ನು ನೋಡಿ ಬಿಟ್ಟರು. ನಾನು ಚೀಲವನ್ನು ಹೆಗಲಿಗೇರಿಸಿದಾಗ ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಊರಿನ ಲೆಕ್ಕಕ್ಕೆ ಹಿಡಿದದ್ದು ಅದೇ ಮೊದಲು. ನನ್ನ ಮುಖವನ್ನಲ್ಲ, ಹೆಗಲನ್ನು ನೋಡುತ್ತಿದ್ದರು.